ಒಂದೇ ಚೀಲಕ್ಕೆ ಎರಡು ನಿಯಮ ಯಾಕೆ?

ಮಕ್ಕಳೇ, ಒಂದು ದಪ್ಪನೆಯ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದರ ದಪ್ಪ 120 ಮೈಕ್ರಾನ್. ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಇಂಥ ಚೀಲವನ್ನು ತಯಾರಿಸಬಹುದು, ಮಾರಬಹುದು, ಅದರಲ್ಲಿ ಸಾಮಾನು ತುಂಬಿ ಕೊಡಬಹುದು. ಆದರೆ ಅದೇ ಚೀಲದಲ್ಲಿ ನಮ್ಮ ಮಾರಂಡಹಳ್ಳಿಯ ಅಂಗಡಿಯವರು ಎರಡು ಕಿಲೋ ಟೊಮೇಟೊ ಹಾಕಿ ಕೊಟ್ಟರೆ ಅದು ತಪ್ಪು, ದಂಡ ಹಾಕಬಹುದು. ರೈಲು ಹತ್ತಿ ರಾಯಕೋಟೆ, ಹೊಸೂರು ದಾಟಿ ಬೆಂಗಳೂರಿಗೆ ಹೋದರೆ ಅಲ್ಲೂ ತಪ್ಪೇ. ಯಾಕೆಂದರೆ ತಮಿಳುನಾಡು, ಕರ್ನಾಟಕ ಎರಡೂ ರಾಜ್ಯಗಳು ಕೇಂದ್ರಕ್ಕಿಂತ ಕಟ್ಟುನಿಟ್ಟಾದ ನಿಯಮ ಮಾಡಿವೆ.

ಚೀಲ ಅದೇ, ಅದರ ರಸಾಯನಶಾಸ್ತ್ರವೂ ಅದೇ. ಹಾಗಿರುವಾಗ ದೆಹಲಿಯಲ್ಲಿ ಸರಿ ಅಂತ ಬರೆದದ್ದು ಇಲ್ಲಿ ತಪ್ಪು ಹೇಗಾಯ್ತು? ಕೇಂದ್ರ ಒಂದು ಅಳತೆ ಹೇಳಿದ ಮೇಲೆ ರಾಜ್ಯ ಇನ್ನೊಂದು ಹೇಳಬಹುದಾ? ಹೇಳಬಹುದು ಅಂತಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆ ಮದ್ರಾಸ್ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಇದು ಬರೀ ವಕೀಲರ ವಿಷಯ ಅಂದುಕೊಳ್ಳಬೇಡಿ. ಇದರ ಒಳಗೆ ನಿಮ್ಮ ವಿಜ್ಞಾನದ ಪಾಠವೇ ಇದೆ. ನಿಧಾನವಾಗಿ ನೋಡೋಣ.

ಮೊದಲು ಅಳತೆ ಗೊತ್ತಿರಲಿ

ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ ಇರುತ್ತೆ. ಹಾಗಾದರೆ 120 ಮೈಕ್ರಾನ್ ಅಂದರೆ 0.12 ಮಿ.ಮೀ., ಒಂದು ಕೂದಲಿಗಿಂತ ಸ್ವಲ್ಪ ಹೆಚ್ಚು.

ಇಷ್ಟು ಸಣ್ಣದನ್ನು ಅಳೆಯೋದು ಹೇಗೆ? ಶಾಲೆಯ ಪ್ರಯೋಗಾಲಯದ ಸ್ಕ್ರೂಗೇಜ್ 0.01 ಮಿ.ಮೀ. ತನಕ, ಅಂದರೆ 10 ಮೈಕ್ರಾನ್ ತನಕ ತೋರಿಸುತ್ತೆ. ಚೀಲದ ಒಂದು ಹಾಳೆ 20 ಮೈಕ್ರಾನ್ ಇದ್ದರೆ ಸ್ಕ್ರೂಗೇಜಿನಲ್ಲಿ ಎರಡೇ ಗೆರೆ ಬರುತ್ತೆ. ಒಂದು ಗೆರೆ ಹೆಚ್ಚುಕಮ್ಮಿ ಆದರೂ ಲೆಕ್ಕ ಅರ್ಧಕ್ಕರ್ಧ ತಪ್ಪಿಹೋಗುತ್ತೆ. ಆದ್ದರಿಂದ ಹತ್ತು ಪದರ ಒಂದರ ಮೇಲೊಂದು ಇಟ್ಟು ಅಳೆಯಿರಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ಆಗ ತಪ್ಪೂ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ.

ಸ್ಕ್ರೂಗೇಜ್ ಇಲ್ಲವಾ? ತಕ್ಕಡಿ ಸಾಕು. 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಚೀಲಕ್ಕೆ ಎರಡು ಹಾಳೆ ಇರುತ್ತೆ. ಒಟ್ಟು ವಿಸ್ತೀರ್ಣ 2400 ಚದರ ಸೆಂ.ಮೀ. ಸರಸರ ಸದ್ದು ಮಾಡುವ ತೆಳು ಚೀಲದ ಪ್ಲಾಸ್ಟಿಕ್ಕಿನ ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 0.95 ಗ್ರಾಂ. ದಪ್ಪ ಬೇಕಾದರೆ ತೂಕವನ್ನು ವಿಸ್ತೀರ್ಣದಿಂದಲೂ ಸಾಂದ್ರತೆಯಿಂದಲೂ ಭಾಗಿಸಿ. ಚೀಲ 4.5 ಗ್ರಾಂ ತೂಗಿದರೆ:

4.5 ÷ (2400 × 0.95) = ಸುಮಾರು 0.002 ಸೆಂ.ಮೀ. = 20 ಮೈಕ್ರಾನ್

ಅಷ್ಟೇ ಉದ್ದಗಲದ ಚೀಲ 120 ಮೈಕ್ರಾನ್ ದಪ್ಪ ಇರಬೇಕಾದರೆ ಎಷ್ಟು ತೂಗಬೇಕು? ನೀವೇ ಲೆಕ್ಕ ಹಾಕಿ. ಸುಮಾರು 27 ಗ್ರಾಂ ಬರುತ್ತೆ. ಈ ಎರಡು ಸಂಖ್ಯೆಗಳನ್ನು ಮರೆಯಬೇಡಿ: ತೆಳು ಚೀಲ ನಾಲ್ಕೂವರೆ ಗ್ರಾಂ, ದಪ್ಪ ಚೀಲ 27 ಗ್ರಾಂ. ಇಡೀ ಜಗಳ ಇದರ ಸುತ್ತಲೇ ಇದೆ.

ಕೇಂದ್ರ ಏನು ಹೇಳಿತು, ರಾಜ್ಯ ಏನು ಹೇಳಿತು

ಕೇಂದ್ರದ ನಿಯಮ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿದೆ. 1999ರಲ್ಲಿ ಕ್ಯಾರಿಬ್ಯಾಗ್ ಕನಿಷ್ಠ 20 ಮೈಕ್ರಾನ್ ಇರಬೇಕು ಅಂದರು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50. 2021ರ ತಿದ್ದುಪಡಿ ಬಂದ ಮೇಲೆ ಆ ವರ್ಷದ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್. ಇದಲ್ಲದೆ 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮುಂತಾದ ಒಮ್ಮೆ ಬಳಸಿ ಬಿಸಾಡುವ ಕೆಲವು ವಸ್ತುಗಳನ್ನು ದೇಶವಿಡೀ ನಿಷೇಧಿಸಿದರು.

ರಾಜ್ಯಗಳು ಅಷ್ಟು ದಿನ ಕಾಯಲಿಲ್ಲ. ಸಿಕ್ಕಿಂ 1998ರಲ್ಲೇ ಪ್ಲಾಸ್ಟಿಕ್ ಚೀಲ ಬೇಡ ಅಂದಿತು. ಕರ್ನಾಟಕ 2016ರ ಮಾರ್ಚ್‌ನಲ್ಲಿ ದಪ್ಪ ಎಷ್ಟೇ ಇರಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬೇಡ ಅಂತ ಆದೇಶ ಹೊರಡಿಸಿತು. ತಮಿಳುನಾಡು 2018ರ ಜೂನ್ 5ರಂದು, ವಿಶ್ವ ಪರಿಸರ ದಿನದಂದೇ, ವಿಧಾನಸಭೆಯಲ್ಲಿ ನಿಷೇಧ ಘೋಷಿಸಿತು. ಅದೇ ತಿಂಗಳು 25ರಂದು ಆದೇಶ ಬಂತು, 2019ರ ಜನವರಿ 1ರಿಂದ ಜಾರಿಗೆ ಬಂತು. ದಪ್ಪ ಎಷ್ಟೇ ಆಗಿರಲಿ, ಕ್ಯಾರಿಬ್ಯಾಗ್ ಇಲ್ಲ. ಪ್ಲಾಸ್ಟಿಕ್ ಲೇಪನದ ಟೀ ಕಪ್ ಇಲ್ಲ, ನೀರಿನ ಪ್ಯಾಕೆಟ್ ಇಲ್ಲ. ಬಟ್ಟೆಯ ಹಾಗೆ ಕಾಣುವ ನಾನ್-ವೋವನ್ ಚೀಲವೂ ಇಲ್ಲ. ಹಾಲು, ಮೊಸರು, ಎಣ್ಣೆ, ಔಷಧಿಯ ಪ್ಯಾಕೆಟ್ಟುಗಳಂಥ ಕೆಲವಕ್ಕೆ ವಿನಾಯಿತಿ ಕೊಟ್ಟರು. 2021ರ ಡಿಸೆಂಬರ್‌ನಲ್ಲಿ ‘ಮೀಂಡುಂ ಮಂಜಪ್ಪೈ’ ಶುರುವಾಯ್ತು, ಅಂದರೆ ‘ಮತ್ತೆ ಹಳದಿ ಚೀಲ’. ಮದುವೆ ಮನೆಯಲ್ಲಿ ತಾಂಬೂಲ ಹಾಕಿ ಕೊಡುತ್ತಿದ್ದ ಆ ಹಳದಿ ಬಟ್ಟೆ ಚೀಲ ನಿಮ್ಮ ಅಜ್ಜಿಗೆ ಚೆನ್ನಾಗಿ ಗೊತ್ತಿರುತ್ತೆ, ಕೇಳಿ ನೋಡಿ.

ಇಬ್ಬರ ಹತ್ತಿರವೂ ಕಾರಣ ಇದೆ

ಕೇಂದ್ರ ಯಾಕೆ ದಪ್ಪ ಮಾಡಿ ಅಂತ ಹೇಳುತ್ತೆ? ನಾಲ್ಕೂವರೆ ಗ್ರಾಂ ಚೀಲವನ್ನು ಅಂಗಡಿಯವರು ಪುಕ್ಕಟೆ ಕೊಡ್ತಾರೆ, ನಾವು ಪುಕ್ಕಟೆ ಬಿಸಾಡ್ತೀವಿ. ಗುಜರಿ ಆಯುವವರಿಗೂ ಅದು ಬೇಡ. ಒಂದು ಕಿಲೋ ಆಗಬೇಕಾದರೆ ಅಂಥ 220ಕ್ಕೂ ಹೆಚ್ಚು ಚೀಲ ಆಯಬೇಕು, ಅದರ ಮೇಲಿನ ಮಣ್ಣು ಬೇರೆ. 27 ಗ್ರಾಂ ಚೀಲವಾದರೆ 37 ಸಾಕು. ದಪ್ಪ ಚೀಲಕ್ಕೆ ಬೆಲೆ ಇರುತ್ತೆ, ಜನ ಮತ್ತೆ ಮತ್ತೆ ಬಳಸ್ತಾರೆ, ಹರಿದ ಮೇಲೂ ಅದನ್ನು ಆಯುವವರು ಇರ್ತಾರೆ. ಇದು ಕೇಂದ್ರದ ವಾದ. ಸರಿಯಾಗಿಯೇ ಇದೆ.

ರಾಜ್ಯದ ವಾದ ಏನು? ಜನ ಮತ್ತೆ ಬಳಸಿದರೆ ಸರಿ, ಬಳಸದೆ ಬಿಸಾಡಿದರೆ? ಆಗ ಪ್ರತಿ ಚೀಲಕ್ಕೂ ಆರು ಪಟ್ಟು ಪ್ಲಾಸ್ಟಿಕ್ ಚರಂಡಿಗೆ ಹೋಯಿತು. ದಪ್ಪ ಚೀಲವನ್ನು ಆರು ಸಲಕ್ಕಿಂತ ಹೆಚ್ಚು ಬಳಸಿದರೆ ಮಾತ್ರ ಪ್ಲಾಸ್ಟಿಕ್ ಉಳಿತಾಯ ಆದ ಹಾಗೆ. ಮತ್ತೊಂದು ಮಾತು: ಬೀದಿಯಲ್ಲಿ ನಿಂತ ಅಧಿಕಾರಿ 119 ಮೈಕ್ರಾನ್ ಯಾವುದು, 120 ಯಾವುದು ಅಂತ ಹೇಗೆ ಹೇಳ್ತಾರೆ? ನೀವು ಹತ್ತು ಪದರ ಜೋಡಿಸಿ ಅಳೆದ ಹಾಗೆ ಅವರು ಪ್ರತಿ ತಳ್ಳುಗಾಡಿಯ ಹತ್ತಿರ ಅಳೆಯೋಕೆ ಆಗುತ್ತಾ? ‘ಯಾವುದೂ ಬೇಡ’ ಅಂದುಬಿಟ್ಟರೆ ನೋಡಿದ ತಕ್ಷಣ ಗೊತ್ತಾಗುತ್ತೆ.

ಹಸು ಹೊಟ್ಟೆಯ ಲೆಕ್ಕವನ್ನೂ ಸೇರಿಸಿ. ಸೊಪ್ಪಿನ ಸಿಪ್ಪೆ ಕಟ್ಟಿ ಎಸೆದ ಚೀಲವನ್ನು ಹಸು ಚೀಲದ ಸಮೇತ ನುಂಗುತ್ತೆ. ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕರಗಿಸಬಲ್ಲವು, ಪಾಲಿಥಿನ್ನನ್ನು ಕರಗಿಸಲಾರವು. ಅದು ಅಲ್ಲೇ ಉಂಡೆ ಕಟ್ಟಿ ಕೂರುತ್ತೆ. ದನ ಸಾಕುವ ಮನೆಗಳು ತುಂಬಾ ಇರುವ ಕಡೆ ಇದು ಸಣ್ಣ ವಿಷಯ ಅಲ್ಲ.

ಗೆರೆಯನ್ನು ಯಾವ ಕಡೆಗೆ ದಾಟಬಹುದು?

ಕೇಂದ್ರದ ಮಾನದಂಡ ಅಂದರೆ ‘ಇದಕ್ಕಿಂತ ಸಡಿಲ ಮಾಡಬಾರದು’ ಅಂತಲಾ, ‘ಇದಕ್ಕಿಂತ ಬಿಗಿ ಮಾಡಬಾರದು’ ಅಂತಲಾ? ಒಂದು ಉದಾಹರಣೆ. ಶಾಲೆ ಒಂಬತ್ತೂವರೆಗೆ ಬನ್ನಿ ಅನ್ನುತ್ತೆ. ನಿಮ್ಮ ಅಮ್ಮ ‘ಒಂಬತ್ತಕ್ಕೇ ಅಲ್ಲಿರಬೇಕು’ ಅಂದರೆ ಶಾಲೆಯ ತಕರಾರು ಏನೂ ಇಲ್ಲ. ‘ಹತ್ತು ಗಂಟೆಗೆ ಹೋದರೆ ಸಾಕು’ ಅಂದರೆ ಮೇಷ್ಟ್ರು ಒಪ್ಪಲ್ಲ. ಅಮ್ಮ ಬಿಗಿ ಮಾಡಬಹುದು, ಸಡಿಲ ಮಾಡಬಾರದು. ಆದರೆ ಅಮ್ಮ ‘ಬೆಳಗ್ಗೆ ಐದಕ್ಕೇ ಹೋಗು’ ಅಂದರೆ? ‘ಯಾಕಮ್ಮ?’ ಅಂತ ನೀವೇ ಕೇಳ್ತೀರಿ ತಾನೆ?

ನಮ್ಮ ದೇಶದ ಪರಿಸರ ಕಾನೂನಿನ ಮುಖ್ಯ ಭಾಗ ಹೆಚ್ಚುಕಡಿಮೆ ಇದೇ ಹಾದಿಯಲ್ಲಿದೆ. ಪರಿಸರ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ. ಅದರ ಕೆಳಗೆ ಮಾಡಿದ ನಿಯಮಗಳಲ್ಲಿ 3ನೇ ನಿಯಮ ಕಾರ್ಖಾನೆಗಳು ಬಿಡುವ ನೀರು, ಹೊಗೆಗೆ ದೇಶವಿಡೀ ಒಂದು ಮಿತಿ ಇಡುತ್ತೆ. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತೆ: ಆ ನೀರು, ಹೊಗೆ ಹೋಗಿ ಸೇರುವ ಜಾಗದ ಸ್ಥಿತಿ ನೋಡಿಕೊಂಡು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಇನ್ನೂ ಕಟ್ಟುನಿಟ್ಟಾದ ಮಿತಿ ಇಡಬಹುದು, ಆದರೆ ಕಾರಣವನ್ನು ಬರೆದಿಡಬೇಕು. ಅಂದರೆ ಬಿಗಿ ಮಾಡೋಕೆ ಅಧಿಕಾರ ಇದೆ, ‘ಯಾಕೆ?’ ಎಂಬ ಪ್ರಶ್ನೆಗೆ ಉತ್ತರವನ್ನೂ ಕೈಯಲ್ಲಿ ಇಟ್ಟುಕೊಂಡಿರಬೇಕು.

ಜಾಗದ ಸ್ಥಿತಿ ಯಾಕೆ ಮುಖ್ಯ? ದೊಡ್ಡ ಹೊಳೆಗೆ ಒಂದು ಕೊಡ ಕೊಳಕು ನೀರು ಹಾಕಿದರೆ ಬೆರೆತು ಹೋಗುತ್ತೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಮೂಲೆಯ ಗುಂಡಿಗೆ ಹಾಕಿದರೆ ಮೀನು ಸಾಯುತ್ತೆ. ವರ್ಷವಿಡೀ ಹರಿಯುವ ನದಿಯನ್ನು ನೋಡಿ ಇಟ್ಟ ಮಿತಿ, ಪಂಚಪಳ್ಳಿ ಅಣೆಕಟ್ಟಿನ ಕೆಳಗೆ ಮಳೆಗಾಲ ಬಿಟ್ಟರೆ ಸೊರಗುವ ಚಿನ್ನಾರ್ ಹೊಳೆಗೆ ಸಾಕಾಗದೆ ಇರಬಹುದು.

ನಮ್ಮ ಜಿಲ್ಲೆಗೆ ತೀರಾ ಹತ್ತಿರದ ಉದಾಹರಣೆ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ದೇಶದ ಮಾನದಂಡ ಇನ್ನೂ ಬಿಗಿ: 1.0 ಮಿಲಿಗ್ರಾಂ. ಬೇರೆ ನೀರಿನ ದಾರಿಯೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪಿಗೆ. ಬಿಸಿಲಿನ ದೇಶಕ್ಕೆ ಬಿಗಿಯಾದ ಮಿತಿ ಬೇಕು ಅನ್ನೋದು ಈ ಲೆಕ್ಕದಲ್ಲಿ ಗೊತ್ತಾಗುತ್ತೆ. ತಂಪು ದೇಶದಲ್ಲಿ ಒಬ್ಬರು ದಿನಕ್ಕೆ 2 ಲೀಟರ್ ನೀರು ಕುಡಿದರೆ, 1.5 × 2 = 3 ಮಿಲಿಗ್ರಾಂ ಫ್ಲೋರೈಡ್ ಒಳಗೆ ಹೋಗುತ್ತೆ. ನಮ್ಮ ಬಿಸಿಲಿನಲ್ಲಿ ತೋಟದ ಕೆಲಸ ಮಾಡುವವರು 3 ಲೀಟರ್ ಕುಡಿದರೆ, 1.0 × 3 = 3 ಮಿಲಿಗ್ರಾಂ. ಮೈಗೆ ಸೇರುವ ಪ್ರಮಾಣ ಒಂದೇ ಆಗಬೇಕಾದರೆ ನೀರಿನ ಮಿತಿ ಬೇರೆ ಆಗಲೇಬೇಕು. ದೇಶಗಳು ತಮ್ಮ ಹವಾಮಾನ, ಕುಡಿಯುವ ನೀರಿನ ಪ್ರಮಾಣ ನೋಡಿಕೊಂಡು ಮಿತಿ ಇಟ್ಟುಕೊಳ್ಳಿ ಅಂತ ಆ ಸಂಸ್ಥೆಯೂ ಹೇಳುತ್ತೆ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾಗುವುದು, ಮೂಳೆ ಬಿಗಿಯುವುದು ಇಲ್ಲಿನ ಹಳೆಯ ಕಷ್ಟ. ಅದಕ್ಕೇ ಜಪಾನಿನ ಸಾಲ ಪಡೆದು ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆ ಮಾಡಿದರು, 2013ರಲ್ಲಿ ಅದು ಉದ್ಘಾಟನೆ ಆಯಿತು. ಒಂದು ಸಂಖ್ಯೆ ಒಂದೂವರೆ ಇರಬೇಕಾ, ಒಂದು ಇರಬೇಕಾ ಅನ್ನೋದು ಪುಸ್ತಕದ ಮಾತಲ್ಲ. ನಮ್ಮ ಊರುಗಳಲ್ಲಿ ಅದು ಮಕ್ಕಳ ಹಲ್ಲಿನಲ್ಲಿ ಕಾಣುತ್ತೆ.

ಹಾಗಾದರೆ ರಾಜ್ಯ ಎಷ್ಟು ಬೇಕಾದರೂ ಬಿಗಿ ಮಾಡಬಹುದಾ?

ಇಲ್ಲ. ಅದಕ್ಕೂ ಕಾರಣಗಳಿವೆ, ಅವನ್ನೂ ನ್ಯಾಯವಾಗಿ ಕೇಳಬೇಕು.

ಲಾರಿಯನ್ನು ತೆಗೆದುಕೊಳ್ಳಿ. ನಮ್ಮ ಕಡೆ ಟೊಮೇಟೊ ತುಂಬಿದ ಲಾರಿ ಹೊಸೂರು ದಾಟಿ ಕರ್ನಾಟಕಕ್ಕೆ, ಅಲ್ಲಿಂದ ಆಂಧ್ರಕ್ಕೆ ಹೋಗುತ್ತೆ. ಎಂಜಿನ್ನಿನ ಹೊಗೆಗೆ ಒಂದೊಂದು ರಾಜ್ಯ ಒಂದೊಂದು ಮಿತಿ ಇಟ್ಟರೆ, ಗಡಿಯಲ್ಲಿ ಎಂಜಿನ್ ಬದಲಾಯಿಸೋಕೆ ಆಗುತ್ತಾ? ಅದಕ್ಕೇ ಹೊಸ ವಾಹನಗಳ ಹೊಗೆಯ ಮಿತಿಯನ್ನು ಕೇಂದ್ರವೇ ಇಡುತ್ತೆ. 2020ರ ಏಪ್ರಿಲ್ 1ರಿಂದ ದೇಶವಿಡೀ ಭಾರತ್ ಸ್ಟೇಜ್ 6 ಒಂದೇ. ಊರಿಂದೂರಿಗೆ ಓಡಾಡುವ ವಸ್ತುವಿಗೆ ಒಂದೇ ನಿಯಮ ಇದ್ದರೆ ಅನುಕೂಲ. ಒಂದು ಕಡೆ ನಿಂತ ಕೆರೆಗೆ, ಬಾವಿಗೆ, ಬೀದಿಗೆ ಅಲ್ಲಲ್ಲಿನ ನಿಯಮ ಇದ್ದರೆ ಅನುಕೂಲ. ಕ್ಯಾರಿಬ್ಯಾಗಿನ ತೊಂದರೆ ಏನೆಂದರೆ ಅದು ಎರಡೂ ಹೌದು. ಕಾರ್ಖಾನೆಯಿಂದ ಹೊರಟು ರಾಜ್ಯ ರಾಜ್ಯ ಸುತ್ತುತ್ತೆ, ಕೊನೆಗೆ ಒಂದು ಊರಿನ ಚರಂಡಿಯಲ್ಲೇ ಸಿಕ್ಕಿಕೊಳ್ಳುತ್ತೆ.

ಎರಡನೆಯದು ದುಡಿಮೆ. ಕೇಂದ್ರ 50 ಮೈಕ್ರಾನ್ ಸರಿ ಅಂದ ಕಾಲದಲ್ಲಿ ಸಾಲ ಮಾಡಿ ಯಂತ್ರ ತಂದವರಿದ್ದಾರೆ. ಅವರ ಹತ್ತಿರ ಕೆಲಸ ಮಾಡುವವರಿದ್ದಾರೆ. ‘ಕೇಂದ್ರದ ನಿಯಮ ಪಾಲಿಸಿದ್ದೇವೆ, ಈಗ ರಾಜ್ಯ ಬೀಗ ಹಾಕಿ ಅಂದರೆ ನಾವು ಎಲ್ಲಿ ಹೋಗೋಣ?’ ಅನ್ನುವ ಅವರ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗಲ್ಲ. ವ್ಯಾಪಾರ ಮಾಡುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ.

ಮೂರನೆಯದು ಸಂವಿಧಾನದ 254ನೇ ವಿಧಿ. ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ವಿಷಯಗಳಲ್ಲಿ ಇಬ್ಬರ ಕಾನೂನುಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತೆ. ಆದರೆ ಬಿಗಿಯಾದ ನಿಯಮ ಅಂದ ತಕ್ಷಣ ಡಿಕ್ಕಿ ಅಂತಲ್ಲ. ಅಂಗಡಿಯವರು ಬಟ್ಟೆ ಚೀಲ ಕೊಟ್ಟರೆ ಕೇಂದ್ರದ ನಿಯಮವನ್ನೂ ಪಾಲಿಸಿದರು, ರಾಜ್ಯದ ನಿಯಮವನ್ನೂ ಪಾಲಿಸಿದರು. ಎರಡನ್ನೂ ಒಟ್ಟಿಗೆ ಪಾಲಿಸೋಕೆ ಆಗುತ್ತಾ ಅನ್ನೋದು ಒಂದು ಒಳ್ಳೆಯ ಪರೀಕ್ಷೆ.

ಕೋರ್ಟಿನಲ್ಲಿ ಏನಾಯ್ತು

ತಮಿಳುನಾಡಿನ ಆದೇಶ ಅದೇ 1986ರ ಕಾಯಿದೆಯ 5ನೇ ವಿಭಾಗದ ಮೇಲೆ ನಿಂತಿತ್ತು. ಆ ವಿಭಾಗದ ಅಧಿಕಾರ ಮೂಲದಲ್ಲಿ ಕೇಂದ್ರದ್ದು, 1988ರಲ್ಲಿ ಕೇಂದ್ರವೇ ಅದನ್ನು ರಾಜ್ಯಗಳ ಕೈಗೂ ಕೊಟ್ಟಿತ್ತು. ತಯಾರಕರು ಮದ್ರಾಸ್ ಹೈಕೋರ್ಟಿಗೆ ಹೋದರು. 2019ರ ಜುಲೈನಲ್ಲಿ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಪೇಪರ್ ಕಪ್ ತಯಾರಕರ ಸಂಘ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ 2023ರ ಅಕ್ಟೋಬರ್ 20ರಂದು ತೀರ್ಪು ಬಂತು. ತೀರ್ಪಿನಲ್ಲಿ ಎರಡು ವಸ್ತುಗಳಿಗೆ ಎರಡು ಉತ್ತರ ಇದೆ, ಅದೇ ಗಮನಿಸಬೇಕಾದದ್ದು.

ಮೊದಲನೆಯದು ಪೇಪರ್ ಕಪ್. ಹೆಸರು ಪೇಪರ್ ಆದರೂ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತೆ. ಅದಿಲ್ಲದಿದ್ದರೆ ಟೀ ಹಾಕಿದ ಕೂಡಲೇ ಕಪ್ ಮೆತ್ತಗಾಗುತ್ತೆ. ಕಾಗದ ಮತ್ತು ಪ್ಲಾಸ್ಟಿಕ್ ಅಂಟಿಕೊಂಡಿರೋದರಿಂದ ಬೇರ್ಪಡಿಸಿ ಮರುಬಳಕೆ ಮಾಡೋದು ಕಷ್ಟ. ಐಐಟಿ ಖರಗ್‌ಪುರದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಬಿಡುತ್ತವೆ ಅಂತ ಕಂಡುಬಂತು. ಕಪ್‌ಗಳ ನಿಷೇಧ ಸಾರ್ವಜನಿಕ ಹಿತಕ್ಕಾಗಿ ಹಾಕಿದ ನಿರ್ಬಂಧ ಅಂತ ಸುಪ್ರೀಂ ಕೋರ್ಟ್ ಅದನ್ನು ಉಳಿಸಿತು. ಕೇಂದ್ರ ಬಿಡುವುದನ್ನು ರಾಜ್ಯ ತಡೆಯಬಹುದು ಅನ್ನೋದು ಇಲ್ಲಿ ಗಟ್ಟಿಯಾಯಿತು.

ಎರಡನೆಯದು ನಾನ್-ವೋವನ್ ಚೀಲ. ಇದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನಾರುಗಳನ್ನು ನೇಯದೆ, ಒತ್ತಿ ಮಾಡಿದ್ದು. ತಮಿಳುನಾಡು ನಿಷೇಧ ಮಾಡಿದ ಮೇಲೆ ಕೇಂದ್ರದ ನಿಯಮ ಬದಲಾಗಿತ್ತು: ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ಇಲ್ಲದ ನಾನ್-ವೋವನ್ ಚೀಲ ಇರಬಹುದು ಅಂತ. ಆದ್ದರಿಂದ ಹೊಸ ನಿಯಮವನ್ನು ಮುಂದಿಟ್ಟುಕೊಂಡು ಈ ನಿಷೇಧ ಇನ್ನೂ ಬೇಕಾ ಅಂತ ಮತ್ತೆ ಯೋಚಿಸಿ ಅಂತ ಕೋರ್ಟ್ ಆ ವಿಷಯವನ್ನು ರಾಜ್ಯಕ್ಕೇ ವಾಪಸ್ ಕಳಿಸಿತು. ಇಲ್ಲಿ ಕೋರ್ಟ್ ರಾಜ್ಯದ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. ಪರಿಸ್ಥಿತಿ ಬದಲಾಗಿದೆ, ನಿಮ್ಮ ಕಾರಣವನ್ನೂ ಮತ್ತೆ ಪರೀಕ್ಷೆ ಮಾಡಿ ಅಂತ ಹೇಳಿತು. ವಿಜ್ಞಾನದಲ್ಲೂ ಹೀಗೇ ಅಲ್ವಾ? ಹೊಸ ಮಾಹಿತಿ ಬಂದರೆ ಹಳೆಯ ತೀರ್ಮಾನವನ್ನು ಮತ್ತೆ ನೋಡಬೇಕು.

ಬೇರೆ ಊರುಗಳ ಕಥೆ

ಗೆರೆ ಯಾವಾಗಲೂ ಬಿಗಿಯಾಗುತ್ತಲೇ ಹೋಗುತ್ತೆ ಅಂತ ಇಲ್ಲ. ಪಟಾಕಿಯ ಸದ್ದಿಗೆ ದೇಶದ ಮಿತಿ 125 ಡೆಸಿಬೆಲ್. ಪಶ್ಚಿಮ ಬಂಗಾಳ 1990ರ ದಶಕದಿಂದಲೂ 90 ಡೆಸಿಬೆಲ್ ಎಂಬ ಬಿಗಿ ಮಿತಿ ಇಟ್ಟುಕೊಂಡಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು ಸಡಿಲಿಸಿ 125ಕ್ಕೆ ತಂದರು. 90 ಎಲ್ಲಿ, 125 ಎಲ್ಲಿ, ಸ್ವಲ್ಪವೇ ಜಾಸ್ತಿ ಅನ್ನಿಸುತ್ತಾ? ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10 ಹೆಚ್ಚಾದರೆ ಸದ್ದಿನ ತೀವ್ರತೆ 10 ಪಟ್ಟು. 20 ಹೆಚ್ಚಾದರೆ 100 ಪಟ್ಟು, 30 ಹೆಚ್ಚಾದರೆ 1000 ಪಟ್ಟು. ಹಾಗಾಗಿ ಈ ಎರಡು ಮಿತಿಗಳ ನಡುವೆ ಸಾವಿರ ಪಟ್ಟಿಗೂ ಮೀರಿದ ವ್ಯತ್ಯಾಸ ಇದೆ. ಪತ್ರಿಕೆಯಲ್ಲಿ ಎರಡು ಸಂಖ್ಯೆ ಓದಿದಾಗ ಅವುಗಳ ಅಳತೆಗೋಲು ಯಾವುದು ಅಂತ ಮೊದಲು ಕೇಳಿಕೊಳ್ಳಿ.

ಅಮೆರಿಕದಲ್ಲೂ ಇದೇ ಜಗಳ. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಸುತ್ತ ಬೆಟ್ಟಗಳಿವೆ. ವಾಹನದ ಹೊಗೆ ಅಲ್ಲೇ ನಿಂತು ಬಿಸಿಲಿಗೆ ಕಣ್ಣುರಿಸುವ ಮಂಜಾಗುತ್ತಿತ್ತು. ಹಾಗಾಗಿ ಆ ರಾಜ್ಯ ದೇಶಕ್ಕಿಂತ ಮೊದಲೇ ವಾಹನದ ಹೊಗೆಗೆ ಮಿತಿ ಇಟ್ಟಿತು. 1967ರ ಕಾನೂನು ರಾಜ್ಯಗಳು ಸ್ವಂತ ಮಿತಿ ಇಡುವುದನ್ನು ತಡೆದರೂ, ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಕೇಂದ್ರದ ಅನುಮತಿ ಪಡೆದು ಬಿಗಿ ಮಾಡಲು ದಾರಿ ಬಿಟ್ಟಿತು. 2019ರಲ್ಲಿ ಆ ಅನುಮತಿಯನ್ನು ಹಿಂತೆಗೆದರು, 2022ರಲ್ಲಿ ಮತ್ತೆ ಕೊಟ್ಟರು, 2025ರಲ್ಲಿ ಹೊಸ ವಾಹನಗಳ ಕುರಿತ ಅನುಮತಿಗಳನ್ನು ಅಲ್ಲಿನ ಸಂಸತ್ತು ರದ್ದು ಮಾಡಿತು, ರಾಜ್ಯ ಕೋರ್ಟಿಗೆ ಹೋಯಿತು. ಎರಡೂ ಕಡೆಯ ಮಾತು ನಿಮಗೆ ಈಗಾಗಲೇ ಗೊತ್ತಿದೆ: ಒಬ್ಬರು ‘ನಮ್ಮ ಗಾಳಿ ಬೇರೆ’ ಅಂತಾರೆ, ಇನ್ನೊಬ್ಬರು ‘ಕಾರು ದೇಶಕ್ಕೆಲ್ಲಾ ಒಂದೇ ಇರಲಿ’ ಅಂತಾರೆ.

ನೀವು ಮಾಡಬಹುದಾದ ಕೆಲಸ

ರಾಜ್ಯ ಕಟ್ಟುನಿಟ್ಟು ಮಾಡಬಹುದು, ಆದರೆ ಕಾರಣ ಬೇಕು. ಕಾರಣ ಎಲ್ಲಿಂದ ಬರುತ್ತೆ? ಯಾರೋ ಅಳೆದು, ಎಣಿಸಿ, ಬರೆದಿಟ್ಟದ್ದರಿಂದ ಬರುತ್ತೆ. ಅಳತೆ ಇಲ್ಲದ ಊರಿನ ಕಷ್ಟ ಕೋರ್ಟಿಗೂ ಕಾಣಲ್ಲ, ಸರ್ಕಾರಕ್ಕೂ ಕಾಣಲ್ಲ. ಅಳೆಯೋದು ನಿಮ್ಮಿಂದ ಆಗುವ ಕೆಲಸ. ಶಿಕ್ಷಕರ ಜೊತೆ ಸೇರಿ ಇವನ್ನು ಮಾಡಿ. ಏನನ್ನೂ ಸುಡಬೇಡಿ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ.

1. ಬಳಸಿದ ಪೇಪರ್ ಕಪ್ಪನ್ನು ಸೀಳಿ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಕಾಗದವನ್ನು ಮೆಲ್ಲಗೆ ಉಜ್ಜಿ ತೆಗೆಯಿರಿ. ಕೊನೆಗೆ ಉಳಿಯುವ ತೆಳು ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಅದೇ ಪ್ಲಾಸ್ಟಿಕ್ ಪದರ.

2. ಒಂದು ಚೀಲ ಹತ್ತಿಯದೋ ನಾನ್-ವೋವನ್ನೋ ಅಂತ ಗೊತ್ತಾಗದಿದ್ದರೆ ಸಣ್ಣ ತುಂಡು ಕತ್ತರಿಸಿ, ನೀರಿನೊಳಗೆ ಹಿಂಡಿ ಗಾಳಿ ತೆಗೆದು ಬಿಡಿ. ಹತ್ತಿ ಮುಳುಗುತ್ತೆ. ಪಾಲಿಪ್ರೊಪಿಲೀನಿನ ಸಾಂದ್ರತೆ ಸುಮಾರು 0.9, ನೀರಿಗಿಂತ ಕಡಿಮೆ, ಅದು ತೇಲುತ್ತೆ.

3. ನಾನ್-ವೋವನ್ ಚೀಲದಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಹತ್ತು ತುಂಡು ಕತ್ತರಿಸಿ ಒಟ್ಟಿಗೆ ತೂಗಿ. ಅಂಥ ನೂರು ತುಂಡು ಸೇರಿದರೆ ಒಂದು ಚದರ ಮೀಟರ್. ಹತ್ತು ತುಂಡು 6 ಗ್ರಾಂ ಅಥವಾ ಹೆಚ್ಚು ತೂಗಿದರೆ ಕೇಂದ್ರದ 60 ಗ್ರಾಂ ಮಿತಿಯನ್ನು ಮುಟ್ಟಿದ ಹಾಗೆ. ಕಡಿಮೆ ಬಂದರೆ ಅದು ಕೇಂದ್ರದ ಲೆಕ್ಕದಲ್ಲೂ ತಪ್ಪು.

4. ಒಂದು ವಾರ ನಿಮ್ಮ ಬೀದಿಯ ಒಂದೇ ಜಾಗದಲ್ಲಿ, ದಿನಾ ಒಂದೇ ಹೊತ್ತಿಗೆ, ಬಿದ್ದಿರುವ ಚೀಲಗಳನ್ನು ಎಣಿಸಿ. ಕೈಗವಸು ಹಾಕಿಕೊಳ್ಳಿ. ತೊಳೆದು, ಒಣಗಿಸಿ, ಮೇಲೆ ಹೇಳಿದ ಹಾಗೆ ದಪ್ಪ ಲೆಕ್ಕ ಹಾಕಿ. ಒಂದು ಪಟ್ಟಿ ಮಾಡಿ: ದಿನಾಂಕ, ಎಷ್ಟು ಚೀಲ, ತೂಕ, ದಪ್ಪ. ಅದರಲ್ಲಿ 120ಕ್ಕಿಂತ ಕಡಿಮೆ ಎಷ್ಟು, ಹೆಚ್ಚು ಎಷ್ಟು ಅಂತ ಬೇರೆ ಬೇರೆ ಬರೆಯಿರಿ.

ನಾಲ್ಕನೆಯದರ ಉತ್ತರ ನಿಮ್ಮ ಕೈಗೆ ಬಂದಾಗ ಒಂದು ವಿಷಯ ಗೊತ್ತಾಗುತ್ತೆ. ಬೀದಿಯಲ್ಲಿ ಸಿಕ್ಕಿದ್ದೆಲ್ಲಾ ತೆಳು ಚೀಲವೇ ಆಗಿದ್ದರೆ ಕೇಂದ್ರದ ನಿಯಮವೇ ಇನ್ನೂ ನಮ್ಮ ಬೀದಿಗೆ ಬಂದಿಲ್ಲ ಅಂತ ಅರ್ಥ. ಆಗ ಬಿಗಿ ಸಡಿಲದ ಚರ್ಚೆಗಿಂತ ಮೊದಲು ಇರುವ ನಿಯಮ ನಡೆಯಬೇಕು. ದಪ್ಪ ಚೀಲವೂ ಬೇಕಾದಷ್ಟು ಬಿದ್ದಿದ್ದರೆ, ‘ದಪ್ಪ ಮಾಡಿದರೆ ಜನ ಬಿಸಾಡಲ್ಲ’ ಎಂಬ ವಾದ ಇಲ್ಲಿ ನಿಲ್ಲಲ್ಲ, ರಾಜ್ಯದ ಬಿಗಿ ನಿಯಮಕ್ಕೆ ಒಂದು ಕಾರಣ ಸಿಕ್ಕಿತು. ಎರಡರಲ್ಲಿ ಯಾವುದು ಬಂದರೂ ಬಂದ ಹಾಗೇ ಬರೆಯಿರಿ, ನಿಮಗೆ ಇಷ್ಟವಾದ ಕಡೆಗೆ ತಿರುಗಿಸಬೇಡಿ. ಪಟ್ಟಿಯನ್ನು ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಟ್ಟು, ಒಂದು ಪ್ರತಿಯನ್ನು ಪಟ್ಟಣ ಪಂಚಾಯಿತಿ ಕಚೇರಿಗೂ ತಲುಪಿಸಿ.